ಕೋಟೆಯ ನರಪೇತಲ

ಮಾರ್ಚ್ 3

ಮಾವ ಇವತ್ತು ತಮ್ಮ ಚುರುಟಿನ ಅಂಗಡಿಯಲ್ಲಿ ಬಿದ್ದರು.

ಸಂಜೆ ಐದೂವರೆ. ದಿನಾ ಆ ಹೊತ್ತಿಗೆ ಗಲ್ಲಾ ಬಿಟ್ಟು ಹಿಂದಿನ ಬೆತ್ತದ ಕುರ್ಚಿಗೆ ಹೋಗಿ ಚುರುಟು ಹಚ್ಚುತ್ತಾರೆ. ನಾನು ಮಹಡಿಯ ಮೇಲೆ ನನ್ನ ಹೊಲಿಗೆ ಮಿಷನ್ನನ್ನು ಹಳೇ ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದೆ. ಕೆಳಗೆ ಮೂಟೆ ಇಳಿಸಿದ ಹಾಗೆ ಸದ್ದಾಯಿತು. ಇಳಿದು ನೋಡಿದರೆ ಮಾವ ನೆಲದ ಮೇಲೆ. ಮುಖ ಸುಣ್ಣ, ಹಣೆ ತುಂಬಾ ಬೆವರು. ಚುರುಟು ಮಾತ್ರ ಬೆರಳ ಸಂದಿಯಲ್ಲಿ ನೆಟ್ಟಗಿತ್ತು. ಬೂದಿ ಕೂಡ ಉದುರಿರಲಿಲ್ಲ.

ಎದುರು ಸಾಲಿನ ಡಾಕ್ಟರಮ್ಮ ಬಂದು ನಾಡಿ ನೋಡಿದರು.

"ಎಪ್ಪತ್ತನಾಲ್ಕು ವರ್ಷದ ಎದೆ ಇದು. ನಡುನಡುವೆ ಬಡಿತ ಬಿಟ್ಟುಹೋಗ್ತಿದೆ. ಚುರುಟು ಬಿಡಿ."

"ಬಿಡಲ್ಲ."

"ಹಾಗಾದ್ರೆ ವಾರಕ್ಕೊಂದು. ಅದೂ ಇಷ್ಟು ಕಡಕ್ಕಾದದ್ದು ಬೇಡ, ಮೆತ್ತಗಿನದು. ಸೇದಿ ಅಂತ ನಾನು ಹೇಳ್ತಿಲ್ಲ. ನೀವು ಮಾತು ಕೇಳೋ ಪೈಕಿ ಅಲ್ಲ ಅಂತ ಗೊತ್ತಿದ್ದು ಹೇಳ್ತಿದೀನಿ."

"ಕೋಟೆ ಚುರುಟು ಬಿಟ್ಟು ಬೇರೆ ಮುಟ್ಟಿದವನಲ್ಲ ನಾನು," ಅಂದರು ಮಾವ. "ಕೋಟೆಯಲ್ಲಿ ಮೆತ್ತಗಿನದು ಅಂತ ಇಲ್ಲ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮಾರ್ಚ್ 4

ಅಕ್ಕನಿಗೆ ಫೋನ್ ಮಾಡಿ ಹತ್ತನೇ ತಾರೀಖು ಬರುವುದಕ್ಕಾಗುವುದಿಲ್ಲ ಅಂದೆ. "ಒಂದು ವಾರ ಅಷ್ಟೇ ಕಣೇ," ಅಂದಳು. "ಅದಕ್ಕಿಂತ ಜಾಸ್ತಿ ಅಲ್ಲಿ ಕೂತರೆ ನಿನಗೂ ಹೊಗೆ ಹಿಡಿಯುತ್ತೆ." ಅವಳ ಮನೆಯ ಪಕ್ಕದ ಮಳಿಗೆ ಖಾಲಿ ಇದೆ. ನನ್ನ ಮಿಷನ್ ಇಡಲು ಕಿಟಕಿ ಪಕ್ಕದ ಜಾಗವನ್ನೂ ಅವಳು ಗುಡಿಸಿ ಇಟ್ಟಿದ್ದಾಳೆ.

ಇವರು, ನನ್ನ ಗಂಡ, ತೀರಿಹೋಗಿ ಎಂಟು ತಿಂಗಳು. ನಮ್ಮ ಬಾಡಿಗೆ ಮನೆ ಖಾಲಿ ಮಾಡಿ ಇಲ್ಲಿಗೆ ಬಂದಾಗ ಎರಡು ವಾರದ ಮಾತಾಗಿತ್ತು. ಮಾವ ಬೇಡವೆನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮೆಟ್ಟಿಲ ಪಕ್ಕದ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟರು. ಅವತ್ತಿನಿಂದ ಇವತ್ತಿನವರೆಗೆ ಮಗನ ಹೆಸರು ಅವರ ಬಾಯಿಂದ ಬಂದಿಲ್ಲ. ಒಂದು ಸಲವೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರಿದ್ದೇವೆ. ಗೋಡೆ ಗಡಿಯಾರ ನಮ್ಮಿಬ್ಬರಿಗಿಂತ ಹೆಚ್ಚು ಮಾತಾಡುತ್ತದೆ.

ಈ ಹೊಗೆ ನನಗೆ ಆಗುವುದಿಲ್ಲ. ಸೀರೆ, ಕೂದಲು, ದಿಂಬು, ಹಾಲಿನ ಪಾತ್ರೆ, ಎಲ್ಲಕ್ಕೂ ಅದೇ ವಾಸನೆ.

ಮಾರ್ಚ್ 6, ಗುರುವಾರ

ಪಿಯಾನೊ ರಿಪೇರಿಯವರು ಬಂದಿದ್ದರು. ಮಾವನಿಗೆ ಇರುವ ಒಬ್ಬನೇ ಗೆಳೆಯ. ಮೂವತ್ತು ವರ್ಷದಿಂದ ಗುರುವಾರ ತಪ್ಪಿಸಿಲ್ಲ. ಬಂದು ಒಂದು ಕೋಟೆ ಕೇಳಿ ತೆಗೆದುಕೊಂಡು, ಮಾವನ ಎದುರು ಕೂತು ಸೇದಿ, ಹೋಗುವಾಗ ಅರ್ಧ ಕೈಯಲ್ಲೇ ಹಿಡಿದು ಹೋಗುತ್ತಾರೆ.

ಕೋಟೆ ಅಂದರೆ ಕ್ಯೂಬಾದಿಂದ ಬರುವ ಒಂದು ಹಳೇ ಮನೆತನದ ಚುರುಟು. ಪೆಟ್ಟಿಗೆಯ ಮುಚ್ಚಳದ ಮೇಲೆ ಸಮುದ್ರದ ದಂಡೆಯ ಕೋಟೆಯ ಚಿತ್ರವಿದೆ. ನಿಜವಾದ ಹೆಸರು ಇಲ್ಲಿ ಯಾರ ನಾಲಿಗೆಗೂ ತಿರುಗದೆ ಅದೇ ಹೆಸರಾಯಿತು. ಗಾತ್ರ, ಉದ್ದ ಸೇರಿ ಹನ್ನೊಂದು ಬಗೆ, ಒಂದೊಂದಕ್ಕೂ ಒಂದು ನಂಬರು. ಹನ್ನೊಂದೂ ಘಾಟು. ಗಂಡಸರು ಮೀಸೆ ತಿರುವಿಕೊಂಡು ಕೊಳ್ಳುವಂಥವು.

ಮಾವ ಔಷಧಿ ನುಂಗಲು ಮೇಲೆ ಹೋದಾಗ ಪಿಯಾನೊದವರು ಬಾಗಿಲ ಬಳಿ ನನ್ನನ್ನು ಕರೆದರು. "ಒಂದು ಮಾತಮ್ಮ, ಅವನಿಗೆ ಹೇಳಬೇಡ. ಅರ್ಧ ಸೇದಿ ಅರ್ಧ ಹಿಡ್ಕೊಂಡು ಹೋಗ್ತೀನಲ್ಲ, ಅದು ಮನೆಗಲ್ಲ. ಬಸ್ ನಿಲ್ದಾಣದ ಮರಳಿನ ಬಕೆಟ್ಟಿಗೆ."

"ಯಾವಾಗಿಂದ?"

"ಮೂವತ್ತು ವರ್ಷದಿಂದ. ನನ್ನ ಕೈಯಲ್ಲಿ ಆಗಲ್ಲಮ್ಮ ಅದು. ತಲೆ ಗಿರ್ರ್ ಅನ್ನುತ್ತೆ. ಆದರೆ ಅವನ ಎದುರಿಗೆ ಮೆತ್ತಗಿನದು ಕೊಡಪ್ಪಾ ಅಂತ ಯಾರು ಕೇಳ್ತಾರೆ?"

ಬಹಳ ದಿನದ ಮೇಲೆ ನಗು ಬಂತು. ಕೆಮ್ಮಿನ ಹಾಗೆ ಮಾಡಿ ಮುಚ್ಚಿಕೊಂಡೆ.

"ಹುಡುಕಮ್ಮ," ಅಂದರು ಅವರು. "ಹನ್ನೊಂದು ಜನ ಇರೋ ಮನೆಯಲ್ಲಿ ಒಬ್ಬನಾದರೂ ಸಾಧು ಇರಲೇಬೇಕು."

ಮಾರ್ಚ್ 8

ತೇವದ ಕೋಣೆಗೆ ಮೊದಲ ಸಲ ಹೋದೆ. ಅಂಗಡಿಯ ಹಿಂಬದಿಗೆ, ದೇವದಾರು ಮರದ ಹಲಗೆ ಹೊದಿಸಿದ ಸಣ್ಣ ಕೋಣೆ. ಚುರುಟು ಒಣಗದ ಹಾಗೆ ಅದರೊಳಗಿನ ಗಾಳಿಯನ್ನು ಸದಾ ಒದ್ದೆ ಇಟ್ಟಿರುತ್ತಾರೆ. ಇಷ್ಟು ದಿನ ಬಾಗಿಲವರೆಗೆ ಬಂದು ಮೂಗು ಮುಚ್ಚಿಕೊಂಡು ಹೋದವಳು ನಾನು. ಒಳಗೆ ಹೊಗೆ ವಾಸನೆಯೇ ಇಲ್ಲ. ಹೊಸ ಪೆನ್ಸಿಲ್ ಹೆರೆದ ಹಾಗೆ, ಅದರ ಕೆಳಗೆ ಒಣ ಹುಲ್ಲು, ಅದಕ್ಕೂ ಕೆಳಗೆ ಬೆಲ್ಲದಂಥದ್ದೇನೋ. ಬಾಗಿಲು ಹಾಕಿದರೆ ಬೀದಿಯ ಸದ್ದು ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸುತ್ತದೆ.

ಅಳತೆ ಟೇಪು ತಗೊಂಡು ಹೋಗಿದ್ದೆ. ಹನ್ನೊಂದರ ಉದ್ದ ಮತ್ತು ಸುತ್ತಳತೆ ಬರೆದುಕೊಂಡೆ. ಮೇಲಿನ ಎಲೆ ಕೆಲವಕ್ಕೆ ಕಡು ಕಂದು, ಕೆಲವಕ್ಕೆ ತಿಳಿ ಜೇನಿನ ಬಣ್ಣ. ತಿಳಿಯಾಗಿದ್ದದ್ದು ಮೆತ್ತಗಿರಲೇಬೇಕು ಅಂದುಕೊಂಡು ಒಂದನ್ನು ಎತ್ತಿಟ್ಟೆ.

ಮಾರ್ಚ್ 9

ತಿಳಿ ಬಣ್ಣದ್ದನ್ನು ಪಿಯಾನೊದವರ ಮನೆಗೇ ಕೊಟ್ಟು ಬಂದೆ. ಸಂಜೆ ಅವರ ಹೆಂಡತಿ ಫೋನ್ ಮಾಡಿದರು. "ನಮ್ಮವರಿಗೆ ಎರಡು ಗಂಟೆಯಿಂದ ಬಿಕ್ಕಳಿಕೆ. ಮಾತಾಡೋಕಾಗ್ತಿಲ್ಲ. ಬಣ್ಣ ನೋಡಿ ಮರುಳಾಗಬೇಡ ಅಂತ ನಿನಗೆ ಹೇಳು ಅಂತ ಚೀಟಿ ಬರೆದು ತೋರಿಸ್ತಿದಾರೆ."

ನನಗೆ ತಿಳಿದಿರಬೇಕಿತ್ತು. ಒಳಗಿನ ಅಸ್ತರು ನೋಡದೆ ಕೋಟಿನ ಬೆಲೆ ಕಟ್ಟುವುದು ಯಾವ ದರ್ಜಿಯೂ ಮಾಡುವ ಕೆಲಸವಲ್ಲ.

ಮಾರ್ಚ್ 14

ಅಂಗಿ ಅರ್ಥವಾಗಬೇಕಾದರೆ ಹೊಲಿಗೆ ಬಿಚ್ಚಬೇಕು. ಎಲೆ ಒಡೆದು ಮಾರಲಾಗದ ಮೂರು ಕೋಟೆಗಳನ್ನು ಮೇಜಿನ ಮೇಲಿಟ್ಟು, ಹೊಲಿಗೆ ಬಿಚ್ಚುವ ಕೊಕ್ಕೆಯಿಂದಲೇ ನಿಧಾನವಾಗಿ ಬಿಚ್ಚಿದೆ. ಮೇಲುಹೊದಿಕೆ, ಅದರ ಕೆಳಗೆ ಕಟ್ಟುವ ಎಲೆ, ಒಳಗೆ ಮಡಿಸಿಟ್ಟ ಸೊಪ್ಪು. ಒಳಗಿನದೆಲ್ಲ ಒಂದೇ ಅಂದುಕೊಂಡಿದ್ದೆ. ಬೆರಳಿಗೆ ಮೂರು ಬೇರೆ ಬೇರೆ ಬಟ್ಟೆ ಮುಟ್ಟಿದ ಹಾಗಾಯಿತು. ಒಂದು ದಪ್ಪ, ಅಂಟಂಟು, ಚರ್ಮದ ಹಾಗೆ. ಒಂದು ತೆಳು, ರೇಷ್ಮೆ. ಒಂದು ಬರೀ ಕಾಗದ.

ಮಾವ ಕುರ್ಚಿಯಿಂದ ನೋಡುತ್ತಿದ್ದರು. ಹನ್ನೊಂದು ದಿನದಿಂದ ಚುರುಟಿಲ್ಲ. ಮುಖ ನೋಡಿದರೆ ಹಾಲು ಒಡೆಯಬೇಕು, ಹಾಗಿದ್ದಾರೆ. ತಡೆಯಲಾಗದೆ ಬಾಯಿಬಿಟ್ಟರು.

"ಅದು ತುದಿ ಎಲೆ. ಆ ದಪ್ಪನೆಯದು. ಗಿಡದ ನೆತ್ತಿಯಲ್ಲಿದ್ದು ಬಿಸಿಲೆಲ್ಲಾ ಅದೇ ಕುಡಿದಿರುತ್ತೆ. ಖಾರ ಅದರದ್ದು."

"ಈ ರೇಷ್ಮೆಯಂಥದ್ದು?"

"ನಡು ಎಲೆ. ಪರಿಮಳ ಅದರದ್ದು. ಆ ಕಾಗದದಂಥದ್ದು ಬುಡದ್ದು, ಬೆಂಕಿ ಆರದ ಹಾಗೆ ನೋಡ್ಕೊಳ್ಳೋಕೆ."

"ತುದಿ ಎಲೆ ಹಾಕದೆ ಮಾಡಿದರೆ?"

"ಕೋಟೆ ಅನ್ನಿಸ್ಕೊಳ್ಳಲ್ಲ." ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. "ತೀರಾ ತೆಳ್ಳಗಿನದಕ್ಕೆ ಜಾಸ್ತಿ ಹಾಕೋಕಾಗಲ್ಲ. ದಪ್ಪ ಎಲೆ ಬೇಗ ಉರಿಯಲ್ಲ, ಆರಿ ಹೋಗುತ್ತೆ."

"ಅಷ್ಟು ತೆಳ್ಳಗಿನದು ಕೋಟೆಯಲ್ಲಿ ಯಾವುದಿದೆ ಮಾವ?"

"ಇದೆ ಒಂದು," ಅಂದರು, ಮನೆಯ ಮರ್ಯಾದೆ ಕಳೆದ ನೆಂಟನ ಬಗ್ಗೆ ಹೇಳುವ ಹಾಗೆ. "ಉದ್ದಕ್ಕೆ, ಸಪೂರಕ್ಕೆ. ನರಪೇತಲ. ಅದನ್ನ ಯಾರೂ ಕೇಳಲ್ಲ, ನಾನೂ ತೋರಿಸಲ್ಲ."

ಈ ಮನೆಗೆ ಬಂದಮೇಲೆ ನಾವು ಇಷ್ಟು ಮಾತಾಡಿದ್ದು ಇದೇ ಮೊದಲು. ಹೊಗೆಸೊಪ್ಪಿನ ಬಗ್ಗೆ.

ಮಾರ್ಚ್ 15

ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿಗೆ ಮಲಗಿದ್ದೆ, ಕನಸು ಬಿತ್ತು. ಸಮುದ್ರದ ದಂಡೆಯಲ್ಲಿ ಕೋಟೆ. ಗೋಡೆಗಳೆಲ್ಲ ಎಲೆ. ಗಾಳಿ ಬೀಸಿದರೆ ಬುರುಜು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು, ಮಲಗಿದವರ ಹೊಟ್ಟೆಯಂತೆ. ಹನ್ನೊಂದು ಜನ ಅಣ್ಣತಮ್ಮಂದಿರು ಅಂಗಿಯ ಅಳತೆ ಕೊಡಲು ಸಾಲಾಗಿ ನಿಂತಿದ್ದರು. ಎಲ್ಲರೂ ಗಟ್ಟಿಗರು, ಎದೆ ಸೆಟೆಸಿಕೊಂಡವರು. ನಾನು ಟೇಪು ಸುತ್ತಿ ಸುತ್ತಿ ಬರೆದುಕೊಳ್ಳುತ್ತಿದ್ದೆ. ಕೊನೆಯಲ್ಲಿ ಒಬ್ಬ ಸಪೂರದವನು. ಮುಖ ನೋಡಲಿಲ್ಲ. ಅವನ ಭುಜದ ಮೇಲೆ ಟೇಪು ಇಟ್ಟಾಗ ಆ ಅಳತೆ ನನಗೆ ಮೊದಲೇ ಗೊತ್ತಿತ್ತು. ಹದಿನೇಳೂಕಾಲು ಇಂಚು, ಇವರ ಅಂಗಿಯದು. ಹಾಗೇ ಬರೆದುಕೊಂಡೆ.

ಎದ್ದಾಗ ಕಿಟಕಿಯ ಬೆಳಕು ಚಹಾದ ಬಣ್ಣಕ್ಕೆ ತಿರುಗಿತ್ತು.

ಮಾರ್ಚ್ 20, ಗುರುವಾರ

ನರಪೇತಲನನ್ನು ಪಿಯಾನೊದವರಿಗೆ ಕೊಟ್ಟೆವು. ಮಾವನ ಎದುರೇ. ಈಗ ಗುಟ್ಟಿಲ್ಲ, ಬಸ್ ನಿಲ್ದಾಣದ ಬಕೆಟ್ಟಿನ ಕಥೆಯನ್ನೂ ಅವರು ಒಪ್ಪಿಕೊಂಡರು. ಮಾವ ಅದನ್ನು ಕೇಳಿ, "ಮೂವತ್ತು ವರ್ಷ ನನ್ನ ಎದುರಿಗೆ ನಾಟಕ ಆಡಿದೀಯ," ಅಂದರು. "ನಾಟಕ ಅಲ್ಲಯ್ಯಾ, ಸ್ನೇಹ," ಅಂದರು ಪಿಯಾನೊದವರು.

ಪರೀಕ್ಷೆ ಮಾತ್ರ ಕೆಟ್ಟಿತು. ನಾಲ್ಕು ದಮ್ಮಿಗೇ ಚುರುಟು ಬಿಸಿಯೇರಿ ನಾಲಿಗೆ ಚುರುಗುಟ್ಟಿತಂತೆ. ಹೊಗೆಯಲ್ಲಿ ಕೊಟ್ಟಿಗೆಯಂಥ ಒಂದು ಘಾಟು. ನನ್ನ ಮೂಗಿಗೂ ಬಂತು.

"ಬಡಕಲು ಮನುಷ್ಯರಿಗೆ ಸಿಟ್ಟು ಜಾಸ್ತಿ," ಅಂದರು ಪಿಯಾನೊದವರು ಕಣ್ಣೊರೆಸಿಕೊಳ್ಳುತ್ತಾ.

"ನೀನು ರೈಲು ಹಿಡಿಯೋ ಹಾಗೆ ಎಳೆದರೆ ಇನ್ನೇನಾಗುತ್ತೆ," ಅಂದರು ಮಾವ. "ಸಪೂರದ್ದನ್ನ ನಿಮಿಷಕ್ಕೊಂದು ಸಲ ಎಳೀಬೇಕು, ಅಷ್ಟೇ. ಅಲ್ಲದೆ ಇದು ಎಳೇದು. ಹೋದ ವರ್ಷದ್ದು. ಹೊಸ ಚುರುಟು ಸಿಡುಕುತ್ತೆ. ಎಂಟು ಹತ್ತು ವರ್ಷ ಕತ್ತಲಲ್ಲಿ ಕೂತರೆ ತಾನೇ ಮೆತ್ತಗಾಗುತ್ತೆ."

"ಹಾಗೆ ಕೂತಿರೋ ನರಪೇತಲ ಇದ್ಯಾ ಮಾವ?"

"ಯಾರೂ ಕೊಳ್ಳದ್ದನ್ನ ಎಲ್ಲಿಟ್ಟಿದೀನೋ ಯಾರಿಗೆ ಗೊತ್ತು. ಪೆಟ್ಟಿಗೆ ತಳದಲ್ಲಿ ಇಸವಿ ಒತ್ತಿರ್ತಾರೆ. ಬೇಕಾದರೆ ನೋಡ್ಕೋ."

ಅಕ್ಕ ಫೋನ್ ಮಾಡಿದ್ದಳು. ಮತ್ತೊಂದು ವಾರ ಅಂದೆ.

ಮಾರ್ಚ್ 27

ಸಿಕ್ಕಿತು.

ತೇವದ ಕೋಣೆಯಲ್ಲಿ ಮಂಡಿಯೂರಿ ಎಲ್ಲಕ್ಕಿಂತ ಕೆಳಗಿನ ಹಲಗೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋದೆ. ಮೂರನೇ ಸಾಲಿನ ಹಿಂದೆ, ಗೋಡೆಗೆ ಒತ್ತಿಕೊಂಡು, ಇಪ್ಪತ್ತೈದು ನರಪೇತಲರಿರುವ ಒಂದು ಪೆಟ್ಟಿಗೆ. ತಳದ ಮುದ್ರೆ ಹನ್ನೊಂದು ವರ್ಷದ ಹಿಂದಿನದು. ಮುಚ್ಚಳದ ಸಣ್ಣ ಮೊಳೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿದೆ.

ಒಳಗೆ ಅವು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು, ಪೆಟ್ಟಿಗೆಯ ಆಕಾರಕ್ಕೆ ಸ್ವಲ್ಪ ಚಪ್ಪಟೆಯಾಗಿ. ಬೆರಳಲ್ಲಿ ಒತ್ತಿದರೆ ಒಳ್ಳೇ ಉಣ್ಣೆಯಂತೆ ತಗ್ಗಿ ಮತ್ತೆ ಎದ್ದು ಬಂತು. ವಾಸನೆ ನೋಡಿದೆ. ಕೊಟ್ಟಿಗೆ ಇಲ್ಲ. ಒಣಗಿದ ಹೂವಿನ ಬುಟ್ಟಿ, ಬೆಚ್ಚಗಿನ ಹಾಲು, ಇಸ್ತ್ರಿ ಮಾಡಿದ ಹತ್ತಿ ಬಟ್ಟೆಯಿಂದ ಏಳುವ ಆವಿ. ಇನ್ನೊಂದು ಸಲ ನೋಡಿದೆ. ಅಲ್ಲೇ ಕೂತುಬಿಟ್ಟೆ.

ಮಾವ ಮೇಲೆ ಮಲಗಿದ್ದರು. ಹಿತ್ತಲಿಗೆ ಹೋಗಿ ಒಂದನ್ನು ಹಚ್ಚಿದೆ. ಹೌದು, ನಾನೇ. ಇನ್ನೊಬ್ಬರ ನಾಲಿಗೆ ನಂಬಿ ಎರಡು ಸಲ ಸೋತಿದ್ದೇನೆ. ಹೊಗೆಯನ್ನು ನುಂಗಬಾರದು, ಬಾಯಲ್ಲಿ ತುಂಬಿಕೊಂಡು ಬಿಡಬೇಕು ಅಂತ ಪಿಯಾನೊದವರು ಹೇಳಿದ್ದರು. ಮೊದಲ ದಮ್ಮಿಗೆ ಕೆಮ್ಮಿದೆ. ಎರಡನೆಯದಕ್ಕೆ ಕಣ್ಣಲ್ಲಿ ನೀರು. ಆಮೇಲೆ ಎಣಿಸಿಕೊಂಡು ನಿಮಿಷಕ್ಕೊಂದು. ಕಹಿ ಎಲ್ಲೋ ದೂರದಲ್ಲಿತ್ತು, ಪಕ್ಕದ ಮನೆಯ ರೇಡಿಯೊ ಹಾಗೆ. ಹತ್ತಿರದಲ್ಲಿ ಬಾದಾಮಿ ಸಿಪ್ಪೆಯಂಥ ಒಂದು ರುಚಿ. ಹೊಗೆ ನೂಲಿನಂತೆ ನೆಟ್ಟಗೆ ಏರಿ, ಗೋಡೆಯ ಎತ್ತರಕ್ಕೆ ಹೋದಮೇಲೆ ಬಿಚ್ಚಿಕೊಳ್ಳುತ್ತಿತ್ತು. ಒಣಹಾಕಿದ ಬಟ್ಟೆಗಳ ನಡುವೆ ಬಿಸಿಲು ಬಿದ್ದು ಎಲ್ಲವೂ ತೇಲುತ್ತಿದ್ದ ಹಾಗೆ ಕಂಡಿತು. ಒಂದು ಅಂಗಿಯ ತೋಳು ಎದ್ದು ನಿಂತು ಮತ್ತೆ ಇಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ತಲೆ ತಿರುಗಲಿಲ್ಲ. ಮೈಯೆಲ್ಲ ಹಗುರ.

ಕೈ ತೊಳೆದುಕೊಂಡು ಒಳಗೆ ಬಂದು ಹೀಗೆ ಬರೆದಿಟ್ಟೆ: ಒಂಬತ್ತನೇ ನಂಬರು, ತೆಳ್ಳನೆಯದು, ಹನ್ನೊಂದು ವರ್ಷ ಹಳೆಯದು. ಮೆತ್ತಗಿದೆ. ಆದರೆ ಸಪ್ಪೆ ನೀರಲ್ಲ.

ಏಪ್ರಿಲ್ 3, ಗುರುವಾರ

ಒಂದು ತಿಂಗಳ ಮೇಲೆ ಮಾವನಿಗೆ ಚುರುಟು. ಡಾಕ್ಟರಮ್ಮ ತಾವೇ ಬಂದು ಬಾಗಿಲ ಬಳಿ ಕೂತರು, ನಂಬಿಕೆಯಿಲ್ಲದ ಮುಖ ಮಾಡಿಕೊಂಡು. ಪಿಯಾನೊದವರಿಗೂ ಒಂದು ಕೊಟ್ಟೆ.

ಮಾವ ತುದಿ ಕತ್ತರಿಸಿ, ಬೆಂಕಿಯನ್ನು ಮುಟ್ಟಿಸದೆ ಸುತ್ತ ತಿರುಗಿಸಿ ಹಚ್ಚಿದರು. ಮೊದಲ ದಮ್ಮಿಗೆ ಹುಬ್ಬೇರಿತು. ಮುಚ್ಚಿಡಲು ನೋಡಿದರು, ಆಗಲಿಲ್ಲ. ಹತ್ತು ನಿಮಿಷದ ಮೇಲೆ ಡಾಕ್ಟರಮ್ಮ ನಾಡಿ ಹಿಡಿದು, "ಪರವಾಗಿಲ್ಲ, ನಡೀತಿದೆ. ಆದರೂ ನನ್ನ ಪ್ರಕಾರ ಬೇಡ," ಅಂದು ಎದ್ದು ಹೋದರು. ಪಿಯಾನೊದವರು ಕಣ್ಣು ಮುಚ್ಚಿಕೊಂಡು, "ಮೂವತ್ತು ವರ್ಷ ಇದನ್ನ ನನ್ನಿಂದ ಮುಚ್ಚಿಟ್ಟಿದ್ಯಲ್ಲ ಪಾಪಿ," ಅಂದರು.

ಮಾವ ಹೊಗೆಯ ಕಡೆ ನೋಡುತ್ತಿದ್ದರು. ಮುಖದ ಬಿಗಿ ಸಡಿಲವಾಗುತ್ತಾ ಬಂತು, ನಾನು ಯಾವತ್ತೂ ಕಾಣದ ಒಂದು ಮುಖ ಬರುತ್ತಿತ್ತು. ತುಟಿ ಏನೋ ಹೇಳಲು ತೆರೆಯಿತು. ಅಷ್ಟರಲ್ಲಿ ಅರ್ಧ ಉಳಿದ ಚುರುಟನ್ನು ಬೂದಿ ತಟ್ಟೆಗೆ ಒತ್ತಿ ಆರಿಸಿ ಎದ್ದುಬಿಟ್ಟರು.

"ಬೇಡ ಇದು."

"ಖಾರ ಆಯ್ತಾ ಮಾವ?"

"ಇಲ್ಲ. ಬೇಡ ಅಷ್ಟೇ."

ಮೆಟ್ಟಿಲು ಹತ್ತಿ ಹೋದರು. ಚುರುಟನ್ನು ಒತ್ತಿ ಆರಿಸಬಾರದು, ತಾನಾಗಿ ಆರಲು ಬಿಡಬೇಕು ಅಂತ ಗಿರಾಕಿಗಳಿಗೆ ಬೈಯುವವರು ಅವರೇ.

ಏಪ್ರಿಲ್ 4

ಏನೂ ಬರೆಯುವಂಥದ್ದಿಲ್ಲ. ತಿಂಗಳ ಕೆಲಸ ನೀರಲ್ಲಿ ಹೋಯಿತು.

ಏಪ್ರಿಲ್ 9

ಮಧ್ಯಾಹ್ನ ಎರಡಕ್ಕೆ ಹಿತ್ತಲಿಗೆ ಬಟ್ಟೆ ತೆಗೆಯಲು ಹೋದೆ. ಮಾವ ನೀರಿನ ತೊಟ್ಟಿಯ ಹಿಂದೆ, ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಕೈಯಲ್ಲಿ ಕೋಟೆಯ ನಾಲ್ಕನೇ ನಂಬರು, ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಘಾಟು. ಮುಕ್ಕಾಲು ಮುಗಿದಿತ್ತು. ಕಣ್ಣು ಅರೆ ತೆರೆದಿತ್ತು, ತುಟಿ ನೀಲಿ.

ಅವರನ್ನು ಮಲಗಿಸಿ, ಕಾಲ ಕೆಳಗೆ ಬಟ್ಟೆ ಬುಟ್ಟಿ ಇಟ್ಟು, ಗೋಡೆಯಾಚೆಯ ಮನೆಯವರನ್ನು ಕೂಗಿ ಡಾಕ್ಟರಮ್ಮನನ್ನು ಕರೆಸಿದೆ. ಅವರು ಚುಚ್ಚುಮದ್ದು ಕೊಟ್ಟು, ನನ್ನ ಜೊತೆ ಸೇರಿ ಮಾವನನ್ನು ಒಳಗೆ ಮಲಗಿಸಿ, ಒಂದು ಗಂಟೆ ಕೂತು, ಈ ಸಲ ಬೈಯದೆ ಹೋದರು. ಬೈದಿದ್ದರೆ ವಾಸಿಯಿತ್ತು.

ಸ್ವಲ್ಪ ಬಣ್ಣ ಬಂದಮೇಲೆ ನಾನು ಕೇಳಿದೆ. ಕೂಗಲಿಲ್ಲ ಅಂತ ಈಗ ಬರೆಯಬಹುದು, ಆದರೆ ಬೀದಿಗೆ ಕೇಳಿಸಿರಬೇಕು.

"ನಾನೇನು ಕಲ್ಲಾ? ಬೆಳಿಗ್ಗೆಯಿಂದ ಸಂಜೆವರೆಗೆ ಮಂಡಿ ಊರಿ ಹುಡುಕಿ ತಂದುಕೊಟ್ಟೆ. ನಿಮಗೆ ಬೇಕಾಗಿರೋದು ಚುರುಟಾ, ಸಾವಾ? ಇನ್ನೊಂದು ಸಲ ಆಸ್ಪತ್ರೆ ಕಾರಿಡಾರಲ್ಲಿ ನಿಲ್ಲೋ ಶಕ್ತಿ ನನಗಿಲ್ಲ ಮಾವ. ಅವರು ಹೋಗಿದ್ದು ನಿಮಗೊಬ್ಬರಿಗೇ ನಷ್ಟ ಅಲ್ಲ."

ಮಾವ ಛಾವಣಿ ನೋಡುತ್ತಾ ಮಲಗಿದ್ದರು. ಹಾಗೇ ಅಂದರು:

"ಖಾರದ್ದು ಸೇದಿದರೆ ತಲೆ ಖಾಲಿ ಆಗುತ್ತೆ ಕಣಮ್ಮ. ಗಿಮ್ಮಂತ ಒಂದು ತಾಸು ಏನೂ ಇರಲ್ಲ ಒಳಗೆ. ನೀನು ಕೊಟ್ಟಿದ್ದು ಚೆನ್ನಾಗೇ ಇತ್ತು. ಅದು ಸೇದಿದರೆ ತಲೆ ತಿರುಗಲ್ಲ. ಯೋಚನೆ ಬರುತ್ತೆ."

ಕಂಬಳಿ ಸರಿಮಾಡಿದೆ. ಅವರ ಕೈ ತಣ್ಣಗಿತ್ತು, ಬಿಸಿಯಾಗುವ ತನಕ ಹಿಡಿದುಕೊಂಡಿದ್ದೆ.

ಏಪ್ರಿಲ್ 12

ಮಾವನ ಕೋಣೆಗೆ ಪಶ್ಚಿಮದ ಬಿಸಿಲು ಹೊಡೆಯುತ್ತದೆ, ಮಲಗಿದವರಿಗೆ ಕಣ್ಣು ಬಿಡಲಾಗುವುದಿಲ್ಲ. ಪರದೆ ಹೊಲಿಯಲು ಕೂತೆ. ತಿಳಿ ಹಸಿರು ಬಟ್ಟೆ, ಕೆಳಗೆ ಎರಡು ಬೆರಳಿನ ಮಡಿಕೆ. ಮಿಷನ್ನಿಗೆ ಎಣ್ಣೆ ಬಿಟ್ಟರೂ ಮೊದಲು ಸ್ವಲ್ಪ ಗೊಣಗಿತು, ಬಹಳ ದಿನ ಕಟ್ಟಿ ಹಾಕಿದ್ದಕ್ಕೆ. ಆಮೇಲೆ ಓಡಿತು.

ಅಕ್ಕನ ಫೋನು ಬಂದಾಗ ಪಾದದ ಹಲಗೆ ಮೇಲೆ ಕಾಲಿತ್ತು.

"ಯಾವಾಗ ಬರ್ತೀಯೇ?" ಅಂದಳು.

"ಎಲ್ಲಿಗೆ?" ಅಂದೆ.

ಆ ಕಡೆ ಅವಳು ಮಾತಾಡಲಿಲ್ಲ. ಲೈನು ಕಡಿದಿದೆಯೇನೋ ಅಂತ ಇಟ್ಟುಬಿಟ್ಟೆ. ಮಡಿಕೆ ಜಾರಿ ಹೋಗುತ್ತಿತ್ತು.

ಏಪ್ರಿಲ್ 17, ಗುರುವಾರ

ಪಿಯಾನೊದವರು ಯಾವುದೋ ಶಾಲೆಯ ಕೆಲಸಕ್ಕೆ ಹೋಗಿದ್ದರು, ಬರಲಿಲ್ಲ. ಸಂಜೆ ಐದಕ್ಕೆ ಮಾವ ತಾವೇ ಮೆಟ್ಟಿಲಿಳಿದು ಬಂದು ಬೆತ್ತದ ಕುರ್ಚಿಯಲ್ಲಿ ಕೂತರು.

"ಆ ಒಂಬತ್ತನೇದು ಕೊಡಮ್ಮ," ಅಂದರು. "ನೀನೂ ಕುರ್ಚಿ ಎಳ್ಕೋ."

ಕತ್ತರಿಸಿ ಕೊಟ್ಟೆ. ಹಚ್ಚಿಕೊಂಡರು. ಬೀದಿಯಲ್ಲಿ ಸಣ್ಣ ಮಳೆ ಬಂದು ನಿಂತಿತ್ತು. ಗಾಜಿನ ಬಾಗಿಲ ಮೇಲೆ ಹನಿಗಳು, ಪ್ರತಿ ಹನಿಯಲ್ಲೂ ಎದುರು ಸಾಲಿನ ದೀಪ. ಹೊಗೆ ನಮ್ಮಿಬ್ಬರ ನಡುವೆ ತೂಗುತ್ತಿತ್ತು. ನನಗೆ ಅದು ಅಡ್ಡಿಯೆನಿಸಲಿಲ್ಲ. ಕಾಲು ಭಾಗ ಮುಗಿದ ಮೇಲೆ, ಹೊಗೆಯನ್ನೇ ನೋಡುತ್ತಾ, ಶುರು ಮಾಡಿದರು.

"ಗುಂಡ ಫೋನ್ ಮಾಡಿದ್ದ."

ಗುಂಡ ಅಂದರೆ ಯಾರೆಂದು ಒಂದು ಕ್ಷಣ ತಿಳಿಯಲಿಲ್ಲ. ನಮ್ಮವರನ್ನು ಚಿಕ್ಕಂದಿನಲ್ಲಿ ಹಾಗೆ ಕರೆಯುತ್ತಿದ್ದರಂತೆ. ಕಡ್ಡಿಯಂತಿದ್ದವರನ್ನು ಗುಂಡ ಅಂತ.

"ಜ್ವರ ಬಂದ ಎರಡನೇ ದಿವಸ. ಮಧ್ಯಾಹ್ನ, ಆಸ್ಪತ್ರೆಯಿಂದ. ಬಾ ಅಪ್ಪ, ನೋಡಬೇಕು ಅನ್ನಿಸ್ತಿದೆ ಅಂದ. ಅವತ್ತು ಪೆಟ್ಟಿಗೆಗಳು ಬಂದು ಬಾಗಿಲಲ್ಲಿ ನಿಂತಿದ್ದವು, ಬಿಸಿಲಿಗೆ. ಇಳಿಸಿ ಒಳಗಿಡದೆ ಇದ್ದರೆ ಒಣಗಿಹೋಗ್ತವೆ. ನಾಳೆ ಅಂಗಡಿ ಮುಚ್ಚಿ ಬರ್ತೀನಿ ಅಂದೆ. ಸರಿ ಅಪ್ಪ ಅಂದ." ಬೂದಿ ಉದ್ದವಾಗಿತ್ತು, ತಟ್ಟಲಿಲ್ಲ. "ಮಾರನೇ ದಿವಸ ಬೆಳಿಗ್ಗೆ ಬಸ್ಸಿಳಿದು ಆಸ್ಪತ್ರೆಗೆ ಬಂದರೆ ನೀನು ಕಾರಿಡಾರಲ್ಲಿ ನಿಂತಿದ್ದೆ. ಆ 'ಸರಿ ಅಪ್ಪ' ಅನ್ನೋದನ್ನ ಯಾವ ದನಿಯಲ್ಲಿ ಅಂದ ಅಂತ ಒಂಬತ್ತು ತಿಂಗಳಿಂದ ನೆನಪು ಮಾಡ್ಕೊಳ್ತಾ ಇದ್ದೀನಿ. ಬೇಜಾರಲ್ಲಿ ಅಂದನಾ. ನೀನು ಯಾವತ್ತೂ ಹೀಗೇ ಅಂತ ಅಂದನಾ. ಖಾರದ್ದು ಸೇದಿದರೆ ಆ ದನಿ ನಿಲ್ಲುತ್ತೆ."

ನಾನು ಅಲ್ಲೇ ಇದ್ದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

"ಮಾವ, ಫೋನ್ ಹಚ್ಚಿಕೊಟ್ಟಿದ್ದು ನಾನೇ. ಮಂಚದ ಪಕ್ಕದಲ್ಲೇ ಕೂತಿದ್ದೆ."

ಅವರು ತಿರುಗಿ ನನ್ನ ಮುಖ ನೋಡಿದರು.

"ಇಟ್ಟ ಮೇಲೆ ನಕ್ಕರು," ಅಂದೆ. "ನಾಳೆ ಅಂಗಡಿ ಮುಚ್ಚಿ ಬರ್ತಾರಂತೆ ಕಣೇ ಅಂದರು. ನಮ್ಮ ಮದುವೆ ದಿನಾನೂ ಹನ್ನೊಂದರವರೆಗೆ ತೆಗೆದಿದ್ದರು ನಮ್ಮಪ್ಪ, ನನ್ನ ಜ್ವರಕ್ಕೆ ಇಡೀ ದಿನ ಮುಚ್ತಾರಂತೆ, ಯಾರಿಗೂ ಹೇಳಬೇಡ, ನಂಬಲ್ಲ ಅಂದರು. ಕುರ್ಚೀನ ಕಿಟಕಿ ಪಕ್ಕ ಇಡು, ಅವರಿಗೆ ಮಂಡಿ ನೋವು, ಕಾಲು ಚಾಚೋಕೆ ಜಾಗ ಬೇಕು ಅಂದರು. ನಾನು ಕುರ್ಚಿ ಎಳೆದಿಟ್ಟೆ. ಅದನ್ನ ನೋಡ್ತಾನೇ ನಿದ್ದೆ ಹೋದರು. ಸಂಜೆ ಮೇಲೆ ಜ್ವರ ಏರಿತು. ಆಮೇಲೆ ಮಾತಿಲ್ಲ."

ಚುರುಟು ತಾನಾಗಿ ಆರಿತು, ಯಾರೂ ಮತ್ತೆ ಹಚ್ಚಲಿಲ್ಲ. ಬೂದಿ ಮಾವನ ಪಂಚೆಯ ಮೇಲೆ ಇಡಿಯಾಗಿ ಬಿತ್ತು.

"ನಕ್ಕನಾ?"

"ನಕ್ಕರು."

"ಜೋರಾಗಾ, ಮೆಲ್ಲಗಾ?"

"ಜೋರಾಗಿ ನಗೋಕೆ ಶಕ್ತಿ ಇರಲಿಲ್ಲ. ಮೂಗಲ್ಲಿ ನಗ್ತಿದ್ರಲ್ಲ, ಆ ಥರ."

"ಹೂಂ. ಮೂಗಲ್ಲೇ ನಗ್ತಿದ್ದ," ಅಂದರು. "ಅವರಮ್ಮನ ಥರ." ಪಂಚೆಯ ಬೂದಿ ಕೊಡವಿಕೊಂಡು, "ಕುರ್ಚಿ ವಿಷಯ ಇನ್ನೊಂದು ಸಲ ಹೇಳು," ಅಂದರು.

ಹೇಳಿದೆ. ಮತ್ತೊಂದು ಸಲ ಮೊದಲಿಂದ ಹೇಳು ಅಂದರು. ಮೊದಲಿಂದ ಹೇಳಿದೆ. ಗಾಜಿನ ಮೇಲಿನ ಹನಿಗಳು ಒಂದೊಂದಾಗಿ ಜಾರಿ ಹೋದವು. ಗಿರಾಕಿಯೊಬ್ಬರು ಬಾಗಿಲು ತಳ್ಳಿ ನಮ್ಮಿಬ್ಬರನ್ನು ನೋಡಿ, ಏನೂ ಕೇಳದೆ ಮೆಲ್ಲಗೆ ಹಾಕಿಕೊಂಡು ಹೋದರು.

ಏಪ್ರಿಲ್ 18

ಒಂಬತ್ತಾದರೂ ಮಾವ ಏಳಲಿಲ್ಲ. ಹೋಗಿ ನೋಡಿದೆ. ಬಾಯಿ ತೆರೆದುಕೊಂಡು, ಒಂದು ಕೈ ಮಂಚದಿಂದಾಚೆ ಚೆಲ್ಲಿ, ಗಾಢ ನಿದ್ದೆ. ಉಸಿರು ಒಂದೇ ಸಮ ಇತ್ತು. ಎಬ್ಬಿಸಲಿಲ್ಲ.

ಕೆಳಗಿಳಿದು ಬಾಗಿಲು ತೆಗೆದೆ, ಗಾಜು ಒರೆಸಿದೆ, ತೇವದ ಕೋಣೆಯಲ್ಲಿ ತೇವ ಅಳೆಯುವ ಮುಳ್ಳು ನೋಡಿ ತಟ್ಟೆಗೆ ನೀರು ಬಿಟ್ಟೆ. ಹತ್ತಕ್ಕೆ ಒಬ್ಬರು ಹೆಂಗಸು ಒದ್ದೆ ಕೊಡೆ ಹಿಡಿದು ಒಳಗೆ ಬಂದರು. ಬೆತ್ತದ ಕುರ್ಚಿ ನೋಡಿದರು, ಗಲ್ಲಾ ನೋಡಿದರು, ನನ್ನ ಕುತ್ತಿಗೆಗೆ ನೇತಾಡುತ್ತಿದ್ದ ಅಳತೆ ಟೇಪು ನೋಡಿದರು.

"ಅಂಗಡಿಯವರು ಇಲ್ವಾ?" ಅಂದರು.

"ಹೇಳಿ," ಅಂದೆ. "ಏನು ಬೇಕಿತ್ತು?"